ಗ್ರಾನೋಲಾ ಮೆತ್ತಗಾಗುವುದು ಬೇರೆ, ಕಮಟು ಹಿಡಿಯುವುದು ಬೇರೆ

ಪ್ರಶ್ನೆ: ಮೇಡಂ, ನಾನು ಮಂಗಳೂರಿನವಳು. ಅಂಗಡಿಯ ಗ್ರಾನೋಲಾ (ಬೆಳಗಿನ ತಿಂಡಿಗೆ ತಿನ್ನುವ, ಸಿಹಿ ಹಾಕಿ ಬೇಯಿಸಿದ ಓಟ್ಸ್, ಬೀಜಗಳ ಮಿಶ್ರಣ) ದುಬಾರಿ, ಸಕ್ಕರೆಯೂ ಜಾಸ್ತಿ ಅಂತ ಐದಾರು ತಿಂಗಳಿಂದ ಮನೆಯಲ್ಲೇ ಮಾಡುತ್ತಿದ್ದೇನೆ. ಓಟ್ಸ್ 3 ಕಪ್, ಬಾದಾಮಿ, ಗೋಡಂಬಿ, ಅಕ್ರೋಟು ಎಲ್ಲ ಸೇರಿ ಒಂದೂವರೆ ಕಪ್, ಅಗಸೆ ಬೀಜದ ಪುಡಿ 2 ಚಮಚ, ಜೇನು ಅರ್ಧ ಕಪ್, ತೆಂಗಿನೆಣ್ಣೆ ಕಾಲು ಕಪ್, ಒಣದ್ರಾಕ್ಷಿ ಅರ್ಧ ಕಪ್. ಎಲ್ಲ ಒಟ್ಟಿಗೆ ಕಲಸಿ ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) 180 ಡಿಗ್ರಿಗೆ 20 ನಿಮಿಷ ಇಡುತ್ತೇನೆ. ಅಂಚು ಕಪ್ಪಾಗುತ್ತದೆ, ನಡುವೆ ಮೆತ್ತಗೇ ಇರುತ್ತದೆ. ಡಬ್ಬಿಗೆ ಹಾಕಿದ ಮೂರ್ನಾಲ್ಕು ದಿನಕ್ಕೆ ಪೂರ್ತಿ ಮೆತ್ತಗೆ. ಹೋದ ತಿಂಗಳು ಮಾಡಿದ್ದಂತೂ ಮೂರು ವಾರಕ್ಕೆ ಹಳೆ ಎಣ್ಣೆಯ ಹಾಗೆ ನಾರತೊಡಗಿತು. ಜೇನು ಬಿಸಿ ಮಾಡಿದರೆ ವಿಷ, ಅದಕ್ಕೇ ಹೀಗಾಗಿದೆ ಅಂತ ಅತ್ತೆಯವರು ಹೇಳುತ್ತಾರೆ. ನಿಜವೇ? ಅವರಿಗೆ ಸಕ್ಕರೆ ಕಾಯಿಲೆ ಇದೆ, ದಿನಾ ಬೆಳಿಗ್ಗೆ ಒಂದು ಬಟ್ಟಲು ಕೊಡಬಹುದೇ? 10 ತಿಂಗಳ ಮಗುವಿಗೆ ಪುಡಿ ಮಾಡಿ ತಿನ್ನಿಸಬಹುದೇ? ಬೀಜಗಳನ್ನು ರಾತ್ರಿ ನೆನೆಸಿಯೇ ಹಾಕಬೇಕು ಅನ್ನುತ್ತಾರಲ್ಲ, ಅದು ಸರಿಯೇ?

ಉತ್ತರ:

ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ, ಮಿಕ್ಕಿದ್ದು ಕಾಯಬಹುದು. ಈ ಗ್ರಾನೋಲಾವನ್ನು 10 ತಿಂಗಳ ಮಗುವಿಗೆ ಯಾವ ರೂಪದಲ್ಲೂ ಕೊಡಬೇಡಿ. ಇದರಲ್ಲಿ ಜೇನಿದೆ. ಒಂದು ವರ್ಷ ತುಂಬುವ ತನಕ ಮಗುವಿಗೆ ಜೇನು ಕೂಡದು. ಬಾಟುಲಿಸಂ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಜೇನಿನಲ್ಲಿ ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಎಳೆಯ ಮಗುವಿನದ್ದು ತಡೆಯುವುದಿಲ್ಲ. ಓವನ್‌ನಲ್ಲಿ ಬೇಯಿಸಿದ್ದೇವಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಆ ಬೀಜಾಣು ಸಾಯಬೇಕಾದರೆ ಒತ್ತಡದಲ್ಲಿ 121 ಡಿಗ್ರಿಯ ಹಸಿ ಶಾಖ ಬೇಕು. ಮನೆಯ ಓವನ್ನಿನ ಒಣ ಶಾಖ ಅದಕ್ಕೆ ಸಾಲದು. ಇಡೀ ಬೀಜಗಳನ್ನು, ತುಂಡುಗಳನ್ನು ಐದು ವರ್ಷದವರೆಗೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬಾದಾಮಿ, ಗೋಡಂಬಿಯ ರುಚಿ ತೋರಿಸಬೇಕೆಂದಿದ್ದರೆ ನುಣ್ಣಗೆ ಅರೆದು ರಾಗಿ ಸರಿಯಲ್ಲಿ ಚಿಟಿಕೆಯಷ್ಟು ಕಲಸಿ. ಒಂದು ಸಲಕ್ಕೆ ಒಂದೇ ಬಗೆಯ ಬೀಜ. ಅದೂ ಬೆಳಗಿನ ಹೊತ್ತು ಕೊಡಿ, ಅಲರ್ಜಿ ಏನಾದರೂ ಕಂಡರೆ ಡಾಕ್ಟರು ಸಿಗುವ ಹೊತ್ತಾಗಿರುತ್ತದೆ. ಮಗುವಿಗೆ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇದ್ದರೆ ಅಥವಾ ಈಗಾಗಲೇ ಯಾವುದಾದರೂ ಅಲರ್ಜಿ ಇದ್ದರೆ ಮೊದಲು ಅವರನ್ನೇ ಕೇಳಿ.

ಈಗ ಡಬ್ಬಿಗೆ ಬರೋಣ. ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದಕ್ಕೊಂದು ಹೊಸೆದುಕೊಂಡಿವೆ: ಮೆತ್ತಗಾಯಿತು ಅನ್ನುವುದು ಒಂದು, ನಾರಿತು ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಕಾರಣ ಇರಬೇಕು ಅಂತ ನೀವೂ ಅತ್ತೆಯವರೂ ಅಂದುಕೊಂಡಿದ್ದೀರಿ. ಹಾಗಲ್ಲ. ಮೆತ್ತಗಾಗುವುದು ನೀರಿನ ಕೆಲಸ. ಕಮಟು ಹಿಡಿಯುವುದು ಗಾಳಿಯ ಕೆಲಸ. ಮೆತ್ತಗಾದದ್ದನ್ನು ಮತ್ತೆ ಗರಿಗರಿ ಮಾಡಬಹುದು. ಕಮಟು ಹಿಡಿದದ್ದನ್ನು ಯಾರೂ ಸರಿ ಮಾಡಲಾರರು. ತಿಂಡಿ ತಯಾರಿಕೆಯ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ಮನೆಯವರು ಮಾತ್ರವಲ್ಲ, ಕಾರ್ಖಾನೆಯವರೂ ಈ ಎರಡನ್ನು ಕಲಸಿಕೊಂಡು ತಪ್ಪು ಜಾಗದಲ್ಲಿ ರಿಪೇರಿಗೆ ಕೂರುವುದನ್ನು ನೋಡಿದ್ದೇನೆ.

ನೀರಿನ ಲೆಕ್ಕ ನೋಡಿ. ಒಳ್ಳೆಯ ಜೇನಿನಲ್ಲೂ ನೂರಕ್ಕೆ 17ರಿಂದ 20 ಪಾಲು ನೀರು. ನಿಮ್ಮ ಅರ್ಧ ಕಪ್ ಜೇನು ಸುಮಾರು 170 ಗ್ರಾಂ ತೂಗುತ್ತದೆ, ಅಂದರೆ ಅದರಲ್ಲಿ 30 ಗ್ರಾಂ ನೀರು. ಊಟದ ದೊಡ್ಡ ಚಮಚದಲ್ಲಿ ಎರಡು ಚಮಚ ನೀರನ್ನು ಓಟ್ಸ್ ಮೇಲೆ ಸುರಿದ ಹಾಗಾಯಿತು. ಆ ನೀರೆಲ್ಲ ಹೋದ ಮೇಲೆ ಉಳಿದ ಸಕ್ಕರೆ ತಣ್ಣಗಾಗುತ್ತಾ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಗರಿಗರಿ ಅಂದರೆ ಇದೇ. ನೀರು ಒಳಗೇ ಉಳಿದರೆ ಅದು ಗಾಜಾಗದೆ ಅಂಟಾಗಿಯೇ ಇರುತ್ತದೆ.

180 ಡಿಗ್ರಿಯಲ್ಲಿ 20 ನಿಮಿಷಕ್ಕೆ ಏನಾಗುತ್ತದೆ? ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ, ನೂರಕ್ಕೆ ಸುಮಾರು 38 ಪಾಲು. ಫ್ರಕ್ಟೋಸ್ ಸುಮಾರು 110 ಡಿಗ್ರಿಯಲ್ಲೇ ಕಂದಲು ಶುರು ಮಾಡುತ್ತದೆ. ಮಾಮೂಲಿ ಸಕ್ಕರೆ 160 ಡಿಗ್ರಿವರೆಗೂ ತಡೆಯುತ್ತದೆ. ಹಾಗಾಗಿ ಟ್ರೇ ಅಂಚಿನಲ್ಲಿ ತೆಳ್ಳಗಿರುವುದು ಸೀದು ಕರಕಲಾಗುತ್ತದೆ, ನಡುವೆ ದಪ್ಪಗಿರುವ ಕಡೆ ನೀರು ಇನ್ನೂ ಆವಿಯಾಗುತ್ತಿರುತ್ತದೆ. ಅಂಚು ಕಪ್ಪಾದದ್ದು ಕಂಡು ನೀವು ಟ್ರೇ ಹೊರಗೆ ತೆಗೆಯುತ್ತೀರಿ. ನೀರು ಒಳಗೇ ಉಳಿಯಿತು. ನಮ್ಮ ಓಟಿಜಿಗಳ ಇನ್ನೊಂದು ಚಾಳಿ ಅಂದರೆ ಮುಳ್ಳು 180 ತೋರಿಸಿದರೂ ಕಾಯಿಲ್ ಹತ್ತಿರ 200 ದಾಟಿರುತ್ತದೆ. ಉರಿ ಇಳಿಸಿ, ಹೊತ್ತು ಹೆಚ್ಚಿಸಿ: 150 ಡಿಗ್ರಿ, 35ರಿಂದ 40 ನಿಮಿಷ. ಟ್ರೇಯಲ್ಲಿ ಅರ್ಧ ಬೆರಳಿಗಿಂತ ದಪ್ಪ ಹರಡಬೇಡಿ. ಟ್ರೇ ಚಿಕ್ಕದಿದ್ದರೆ ಎರಡು ಸಲ ಮಾಡಿ. ಬೇಸರದ ಕೆಲಸ, ಗೊತ್ತು.

ಇಲ್ಲಿ ಬಹಳ ಜನ ಎಡವುತ್ತಾರೆ. ಓವನ್ನಿನಲ್ಲಿರುವಾಗ ಗ್ರಾನೋಲಾ ಯಾವತ್ತೂ ಗರಿಗರಿಯಾಗಿರುವುದಿಲ್ಲ. ಬಿಸಿಯಲ್ಲಿ ಸಕ್ಕರೆ ಕರಗಿಯೇ ಇರುತ್ತದೆ. ಬಿಸಿ ಚಿಕ್ಕಿಯನ್ನು ಲಟ್ಟಿಸಬಹುದು, ಆರಿದ ಮೇಲೆ ಮುರಿಯಬೇಕು, ಅಲ್ವಾ? ಅದೇ ಇಲ್ಲಿಯೂ. ಟ್ರೇಗೆ ಕೈ ಹಾಕಿ ಒತ್ತಿ ನೋಡಿ ಇನ್ನೂ ಮೆತ್ತಗಿದೆ ಅಂತ ಮತ್ತೆ ಹತ್ತು ನಿಮಿಷ ಇಟ್ಟರೆ ಸೀಯುವುದು ಖಚಿತ. ನಾನು ಮಾಡುವುದು ಹೀಗೆ: 30 ನಿಮಿಷ ಆದಮೇಲೆ ಟ್ರೇಯ ನಡುವಿನಿಂದಲೇ ಒಂದು ಚಮಚದಷ್ಟು ತೆಗೆದು ಸ್ಟೀಲ್ ತಟ್ಟೆಯ ಮೇಲೆ ಉದುರಿಸುತ್ತೇನೆ. ಐದು ನಿಮಿಷ ಬಿಟ್ಟು ಬಾಯಿಗೆ ಹಾಕಿಕೊಳ್ಳುತ್ತೇನೆ. ಕಡಿದಾಗ ಕುರುಕ್ ಅಂದರೆ ಓವನ್ ಆಫ್. ಹಲ್ಲಿಗೆ ಅಂಟಿದರೆ ಇನ್ನೈದು ನಿಮಿಷ.

ಒಣದ್ರಾಕ್ಷಿಯನ್ನು ಓಟ್ಸ್ ಜೊತೆ ಬೇಯಿಸಬೇಡಿ. ಬೇಯುವಾಗ ಅದು ಉಬ್ಬಿ, ಕಹಿಯಾಗಿ, ಆಮೇಲೆ ಕಲ್ಲಾಗುತ್ತದೆ. ಬೇಯಿಸದೆ ಆಮೇಲೆ ಡಬ್ಬಿಗೆ ಹಾಕಿದರೂ ತೊಂದರೆ ತಪ್ಪಿದ್ದಲ್ಲ. ದ್ರಾಕ್ಷಿಯಲ್ಲಿ ನೂರಕ್ಕೆ ಹದಿನೈದರಷ್ಟು ನೀರಿರುತ್ತದೆ. ಮುಚ್ಚಿದ ಡಬ್ಬಿಯೊಳಗೆ ಆ ನೀರು ಸದ್ದಿಲ್ಲದೆ ಓಟ್ಸ್‌ಗೆ ದಾಟುತ್ತದೆ. ನಾಲ್ಕು ದಿನಕ್ಕೆ ಓಟ್ಸ್ ಮೆತ್ತಗೆ, ದ್ರಾಕ್ಷಿ ಗಟ್ಟಿ. ದ್ರಾಕ್ಷಿ, ಖರ್ಜೂರ, ಅಂಜೂರ ಬೇಕಿದ್ದರೆ ಬೇರೆ ಡಬ್ಬಿಯಲ್ಲಿಟ್ಟು ಬಟ್ಟಲಿಗೆ ಹಾಕುವಾಗ ಸೇರಿಸಿಕೊಳ್ಳಿ.

ಇನ್ನೊಂದು ತಪ್ಪನ್ನು ನೀವು ಬರೆದಿಲ್ಲ, ಆದರೆ ಮಾಡಿರುತ್ತೀರಿ ಅನ್ನುವುದು ನನ್ನ ಊಹೆ. ಅದು ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬುವುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ತಿಂಡಿ ಕಾರ್ಖಾನೆಯಲ್ಲಿದ್ದೆ. ದೀಪಾವಳಿಯ ಆರ್ಡರು, ಲಾರಿ ಹೊರಗೆ ನಿಂತಿದೆ. ಟ್ರೇ ಮುಟ್ಟಿ ನೋಡಿದೆ, ಮೇಲೆ ತಣ್ಣಗಿತ್ತು. ಪ್ಯಾಕ್ ಮಾಡಿ ಅಂದೆ. ಬೆಳಿಗ್ಗೆ ಉಳಿದ ಪೊಟ್ಟಣಗಳನ್ನು ಬೆಳಕಿಗೆ ಹಿಡಿದರೆ ಒಳಗೋಡೆಯಲ್ಲಿ ಸಾಸಿವೆ ಕಾಳಿನಷ್ಟು ನೀರಹನಿಗಳು ಸಾಲಾಗಿ ಕೂತಿದ್ದವು. ಮೇಲೆ ತಣ್ಣಗಿದ್ದರೂ ಅಡಿಯಲ್ಲಿ ಬಿಸಿ ಇತ್ತು. ಲಾರಿ ವಾಪಸ್ ಬಂತು, ಬೈಗುಳ ನನಗೆ ಬಂತು. ಅವತ್ತಿನಿಂದ ಟ್ರೇಯ ಮೇಲೆ ಮುಟ್ಟಿ ನೋಡುವುದನ್ನು ಬಿಟ್ಟಿದ್ದೇನೆ. ರಾಶಿಯೊಳಗೆ ಬೆರಳು ತೂರಿಸಿ ತಳ ಮುಟ್ಟಿ ನೋಡುತ್ತೇನೆ. ಮನೆಯ ಟ್ರೇಗೆ ಮುಕ್ಕಾಲು ಗಂಟೆಯಾದರೂ ಬೇಕು.

ಆದರೆ ಮಂಗಳೂರಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟರೂ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಅಡುಗೆಮನೆಯ ಗಾಳಿಯೇ ಒದ್ದೆ. ಉಪ್ಪು ನೀರಾಗುತ್ತದೆ, ಹಪ್ಪಳ ಹದಿನೈದು ನಿಮಿಷಕ್ಕೆ ಬಾಗುತ್ತದೆ. ಗ್ರಾನೋಲಾ ಬೇರೆ ಏನು ಮಾಡೀತು? ಆರಿದ ತಕ್ಷಣ ಬಾಯಿ ಬಿಗಿಯಾದ ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ತುಂಬಿ. ಒಂದು ದೊಡ್ಡ ಡಬ್ಬಿಗಿಂತ ನಾಲ್ಕು ಚಿಕ್ಕವು ಒಳ್ಳೆಯದು, ದಿನಾ ತೆರೆಯುವುದು ಒಂದನ್ನೇ ಆಗುತ್ತದೆ. ಒದ್ದೆ ಚಮಚ ಬೇಡ. ಇಷ್ಟೆಲ್ಲ ಮಾಡಿದ ಮೇಲೂ ಮೆತ್ತಗಾದರೆ ಗಾಬರಿ ಬೇಡ. ಟ್ರೇಯಲ್ಲಿ ಹರಡಿ 120 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಪೂರ್ತಿ ಆರಿಸಿ. ಮತ್ತೆ ಗರಿಗರಿ.

ಅಂದಹಾಗೆ ಇದರ ಪೂರ್ವಿಕ ಹುಟ್ಟಿದ್ದು 1863ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಊರಲ್ಲಿ. ಜೇಮ್ಸ್ ಕೇಲೆಬ್ ಜಾಕ್ಸನ್ ಎಂಬ ವೈದ್ಯ ಮಾಡಿದ್ದು. ಹೆಸರು ‘ಗ್ರಾನ್ಯುಲಾ’. ಅದು ಎಷ್ಟು ಗಟ್ಟಿ ಇತ್ತೆಂದರೆ ರಾತ್ರಿಯೇ ಹಾಲಲ್ಲಿ ನೆನೆಸಿಡಬೇಕಿತ್ತಂತೆ. ಅವರು ಮೆತ್ತಗೆ ಮಾಡಲು ಒದ್ದಾಡಿದರು, ನಾವು ಗರಿಗರಿ ಉಳಿಸಲು ಒದ್ದಾಡುತ್ತಿದ್ದೇವೆ.

ಈಗ ಕಮಟು. ಇದು ಸ್ವಲ್ಪ ಗಂಭೀರ.

ಬೀಜಗಳಲ್ಲಿ ಅರ್ಧದಷ್ಟು ಎಣ್ಣೆಯೇ. ಬಾದಾಮಿಯಲ್ಲಿ ನೂರಕ್ಕೆ 50, ಗೋಡಂಬಿಯಲ್ಲಿ 45ರ ಆಸುಪಾಸು, ಅಕ್ರೋಟಿನಲ್ಲಿ 65. ಆದರೆ ಎಷ್ಟು ಎಣ್ಣೆ ಅನ್ನುವುದಕ್ಕಿಂತ ಎಂಥ ಎಣ್ಣೆ ಅನ್ನುವುದು ಮುಖ್ಯ. ಬಾದಾಮಿ, ಗೋಡಂಬಿಯ ಎಣ್ಣೆ ಗಾಳಿಗೆ ಸುಮಾರಾಗಿ ತಡೆಯುತ್ತದೆ. ಅಕ್ರೋಟು, ಅಗಸೆಯದ್ದು ತಡೆಯುವುದಿಲ್ಲ. ಹೃದಯಕ್ಕೆ ಒಳ್ಳೆಯದು ಅಂತ ಹೊಗಳುವ ಒಮೆಗಾ-3 ಕೊಬ್ಬು ಇವೆರಡರಲ್ಲೂ ಜಾಸ್ತಿ. ಬೇಗ ಕೆಡುವುದೂ ಅದೇ ಕೊಬ್ಬು. ಗಾಳಿಯ ಆಮ್ಲಜನಕ ಅದನ್ನು ಒಡೆಯುತ್ತಾ ಹೋದ ಹಾಗೆ ಹಳೆ ಎಣ್ಣೆಯ, ಬಣ್ಣದ ಡಬ್ಬಿಯ ವಾಸನೆ ಬರುತ್ತದೆ. ನೀವು ಅಗಸೆಯನ್ನು ಪುಡಿ ಮಾಡಿ ಹಾಕಿದ್ದೀರಿ. ಇಡೀ ಅಗಸೆಗೆ ಗಟ್ಟಿ ಸಿಪ್ಪೆಯ ಕವಚ ಇರುತ್ತದೆ. ಪುಡಿ ಮಾಡಿದ ಕ್ಷಣದಿಂದ ಎಣ್ಣೆ ಗಾಳಿಗೆ ಬಯಲು. ಅದನ್ನು 180 ಡಿಗ್ರಿಯಲ್ಲಿ ಸುಟ್ಟು ಡಬ್ಬಿಗೆ ಹಾಕಿದರೆ ಮೂರು ವಾರವೇ ಜಾಸ್ತಿ ಅನ್ನಬೇಕು.

ಅಕ್ರೋಟಿನದ್ದು ಇನ್ನೊಂದು ಕಥೆ. ಕಾಶ್ಮೀರದ ಅಕ್ರೋಟು ಕೊಯ್ಲಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆಗಾಲದಲ್ಲಿ ನೀವು ಅಂಗಡಿಯಲ್ಲಿ ಕೊಳ್ಳುವ ತಿರುಳು ಎಂಟೊಂಬತ್ತು ತಿಂಗಳು ಹಳೆಯದಾಗಿರಬಹುದು. ತಂಪಿನಲ್ಲಿ ಇಟ್ಟಿದ್ದರೆ ಸರಿ. ಗೋಣಿಯಲ್ಲೋ ತೆರೆದ ಡಬ್ಬದಲ್ಲೋ ಇಟ್ಟಿದ್ದರೆ ನಿಮ್ಮ ಮನೆಗೆ ಬರುವ ಹೊತ್ತಿಗೇ ಅರ್ಧ ದಾರಿ ಕೆಟ್ಟಿರುತ್ತದೆ. ಕೊಳ್ಳುವಾಗ ಒಂದು ತುಂಡು ಕೇಳಿ ತೆಗೆದುಕೊಳ್ಳಿ. ಸಿಪ್ಪೆ ತಿಳಿ ಕಂದು ಇರಬೇಕು, ಗಾಢ ಕಂದು ಆಗಿರಬಾರದು. ಮುರಿದರೆ ಒಳಗೆ ಹಾಲಿನ ಬಿಳುಪು. ಅರೆಪಾರದರ್ಶಕವಾಗಿ, ಎಣ್ಣೆ ಹೀರಿದ ಕಾಗದದ ಹಾಗೆ ಹಳದಿಯಾಗಿದ್ದರೆ ಬೇಡ. ಬಾಯಲ್ಲಿಟ್ಟು ನಿಧಾನವಾಗಿ ಅಗಿಯಿರಿ. ಸಿಪ್ಪೆಯ ಒಗರು ಸಹಜ, ಅದು ಬೇಗ ಹೋಗುತ್ತದೆ. ಗಂಟಲ ಹಿಂದೆ ಕಹಿ ಚುಚ್ಚಿ ಹಾಗೇ ಉಳಿದರೆ ಅದು ಕಮಟು. ಒಂದು ಹಿಡಿ ಕೆಟ್ಟ ಅಕ್ರೋಟು ಇಡೀ ಡಬ್ಬಿಗೆ ವಾಸನೆ ಹಂಚುತ್ತದೆ.

ತೆಂಗಿನೆಣ್ಣೆಯ ಮೇಲೆ ನಿಮಗೆ ಅನುಮಾನ ಬಂದಿರಬಹುದು. ಸಾಮಾನ್ಯವಾಗಿ ಅದರ ತಪ್ಪಲ್ಲ. ಅದರ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಚುರೇಟೆಡ್, ಗಾಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ನೀರು ಸೇರಿದರೆ ಅದು ಇನ್ನೊಂದು ರೀತಿಯಲ್ಲಿ ಕೆಡುತ್ತದೆ, ಸಾಬೂನಿನ ರುಚಿ ಬರುತ್ತದೆ. ಸರಿಯಾಗಿ ಒಣಗದ ಕೊಬ್ಬರಿ ಹಾಕಿದರೂ ಅದೇ ಗತಿ. ಓಟ್ಸ್ ಕೂಡ ಅಪರಾಧಿಯಲ್ಲ. ಹಸಿ ಓಟ್ಸ್‌ನಲ್ಲಿ ಕೊಬ್ಬು ಒಡೆಯುವ ಕಿಣ್ವ ಇರುತ್ತದೆ, ನಿಜ. ಅದನ್ನು ಕೊಲ್ಲಲೆಂದೇ ಗಿರಣಿಯಲ್ಲಿ ಆವಿ ಕೊಟ್ಟು ಆಮೇಲೆ ಚಪ್ಪಟೆ ಮಾಡುತ್ತಾರೆ. ಕೊಳ್ಳುವಾಗ ಮಾತ್ರ ದಪ್ಪ ರೋಲ್ಡ್ ಓಟ್ಸ್ ನೋಡಿ ಕೊಳ್ಳಿ. ಮೂರು ನಿಮಿಷಕ್ಕೆ ಬೇಯುವ ಇನ್‌ಸ್ಟಂಟ್ ಓಟ್ಸ್ ಪುಡಿಪುಡಿಯಾಗಿ ಹಿಟ್ಟಿನ ಹಾಗಾಗುತ್ತದೆ.

ಪರಿಹಾರ ಸುಲಭ. ಅಗಸೆ ಪುಡಿಯನ್ನು ಗ್ರಾನೋಲಾಕ್ಕೆ ಹಾಕಲೇಬೇಡಿ. ಬೇಕಿದ್ದರೆ ಆಗಿಂದಾಗ್ಗೆ ಪುಡಿ ಮಾಡಿ ಫ್ರಿಜ್‌ನಲ್ಲಿಟ್ಟು ಮೊಸರಿನ ಮೇಲೆ ಉದುರಿಸಿಕೊಳ್ಳಿ. ಅಕ್ರೋಟನ್ನು ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಟ್ರೇಗೆ ಸೇರಿಸಿ ಅಥವಾ ಕೈಬಿಡಿ. ನಾನು ಮಳೆಗಾಲದಲ್ಲಿ ಕೈಬಿಡುತ್ತೇನೆ. ಮಂಗಳೂರಿನಲ್ಲಿ ಒಳ್ಳೆಯ ಗೇರುಬೀಜ ಮನೆ ಬಾಗಿಲಲ್ಲೇ ಸಿಗುವಾಗ ದೂರದ ಹಳೆಯ ಅಕ್ರೋಟಿಗೆ ದುಡ್ಡು ಕೊಡುವುದು ಯಾಕೆ? ಡಬ್ಬಿಯನ್ನು ಒಲೆ, ಕಿಟಕಿಯಿಂದ ದೂರ ಇಡಿ. ಹೊರಗಿಟ್ಟರೆ ಎರಡರಿಂದ ಮೂರು ವಾರ, ಫ್ರೀಜರ್‌ನಲ್ಲಿಟ್ಟರೆ ಮೂರು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ. ಫ್ರೀಜರ್‌ನಿಂದ ತೆಗೆದ ಡಬ್ಬಿಯನ್ನು ತಕ್ಷಣ ತೆರೆಯಬೇಡಿ. ಮುಚ್ಚಿದಂತೆಯೇ ಒಂದು ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಇಲ್ಲದಿದ್ದರೆ ನಿಮ್ಮೂರಿನ ಗಾಳಿಯ ನೀರೆಲ್ಲ ಅದರ ಮೇಲೆ ಇಳಿಯುತ್ತದೆ.

ಖರ್ಚು ಉಳಿಸಲು ಬಾದಾಮಿಯ ಬದಲು ಕಡಲೆಕಾಯಿ ಬೀಜ ಹಾಕಿದರೂ ರುಚಿ ಚೆನ್ನಾಗಿಯೇ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ. ಸುಕ್ಕಿದ, ಬಣ್ಣಗೆಟ್ಟ, ಕಹಿ ಬೀಜ, ಬೂಷ್ಟು ಹಿಡಿದದ್ದು ಕಂಡರೆ ಆರಿಸಿ ಎಸೆಯಿರಿ. ಆ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೆ ಪೂರ್ತಿ ಹೋಗುವುದಿಲ್ಲ. ಕಮಟು ರುಚಿಯನ್ನು ಹಾಳು ಮಾಡುತ್ತದೆ, ಹೊಟ್ಟೆ ಕೆಡಿಸಬಹುದು. ಬೂಷ್ಟು ಅದಕ್ಕಿಂತ ದೊಡ್ಡ ವಿಷಯ.

ಅತ್ತೆಯವರ ಮಾತಿಗೆ ಬರುತ್ತೇನೆ. ಜೇನನ್ನು ಬಿಸಿ ಮಾಡಬಾರದು ಅನ್ನುವುದು ಆಯುರ್ವೇದದಲ್ಲಿ ಹಳೆಯ ಮಾತು, ಅವರು ಸುಮ್ನೆ ಹುಟ್ಟಿಸಿ ಹೇಳಿದ್ದಲ್ಲ. ನನ್ನ ಕಸುಬಿನ ಕಣ್ಣಿಂದ ಕಾಣುವುದು ಇಷ್ಟು. ಜೇನು ಕಾಯಿಸಿದಾಗ ಅದರ ಪರಿಮಳ, ಕಿಣ್ವಗಳು ಹಾಳಾಗುತ್ತವೆ. ಎಚ್‌ಎಂಎಫ್ ಎಂಬ ಒಂದು ಪದಾರ್ಥ ಹೆಚ್ಚುತ್ತದೆ. ಜೇನು ಹಳೆಯದೋ, ಕಾಯಿಸಿದ್ದೋ ಎಂದು ಪತ್ತೆ ಮಾಡಲು ಅದನ್ನೇ ಅಳೆಯುತ್ತಾರೆ. ನಮ್ಮ ದೇಶದ ನಿಯಮದಲ್ಲಿ ಒಂದು ಕಿಲೋ ಜೇನಿಗೆ 80 ಮಿಲಿಗ್ರಾಂ ಮಿತಿ. ಅದೇ ಪದಾರ್ಥ ಹುರಿದ ಕಾಫಿಪುಡಿಯಲ್ಲೂ ಬ್ರೆಡ್ಡಿನ ಕಂದು ಅಂಚಿನಲ್ಲೂ ಇದೆ. ಟ್ರೇಯಲ್ಲಿ ಬೆಂದ ಜೇನು ತಿಂದು ಯಾರಿಗೋ ವಿಷವೇರುತ್ತದೆ ಅನ್ನುವುದಕ್ಕೆ ಆಧಾರ ನಾನು ಕಂಡಿಲ್ಲ. ನಿಮ್ಮ ಡಬ್ಬಿ ನಾರಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ದುಬಾರಿ ಕಾಡುಜೇನು ತಂದು ಅದರ ಪರಿಮಳವನ್ನು ಓವನ್‌ಗೆ ಸುರಿಯುವುದು ನನಗೂ ಒಪ್ಪುವುದಿಲ್ಲ. ಮನೆಯಲ್ಲಿ ಹಿರಿಯರ ಮನಸ್ಸಿಗೆ ಬಾರದ್ದನ್ನು ವಾದ ಮಾಡಿ ಗೆಲ್ಲಬೇಕಾಗಿಯೂ ಇಲ್ಲ. ಬೆಲ್ಲ ಹಾಕಿ. ಅತ್ತೆಯವರಿಗೂ ಸಮಾಧಾನ, ಗ್ರಾನೋಲಾವೂ ಜೇನು ಹಾಕಿದ್ದಕ್ಕಿಂತ ಗರಿಗರಿ.

ಆದರೆ ಬೆಲ್ಲದಲ್ಲೂ ಜಾತಿ ಇದೆ. ಅಚ್ಚುಬೆಲ್ಲ, ಗಟ್ಟಿಯಾಗಿ ಟಕ್ ಅಂತ ಮುರಿಯುವಂಥದ್ದು, ಪಾಕಕ್ಕೆ ಚೆನ್ನಾಗಿ ಬರುತ್ತದೆ. ಜೋನಿ ಬೆಲ್ಲ ದೋಸೆಗೆ ಎಷ್ಟೇ ಚೆಂದವಿದ್ದರೂ ಇಲ್ಲಿ ಬೇಡ, ಅದು ಜೇನಿನ ಹಾಗೆಯೇ ನೀರು ಎಳೆಯುತ್ತದೆ. ಚೀಲದಲ್ಲೇ ಬೆವರುವ ಮೆದು ಬೆಲ್ಲವೂ ಹಾಗೇ.

ಇನ್ನು ಸಕ್ಕರೆ ಕಾಯಿಲೆ. ಬೆಲ್ಲವಾದರೇನು, ಜೇನಾದರೇನು, ಖರ್ಜೂರದ ಪಾಕವಾದರೇನು, ರಕ್ತಕ್ಕೆ ಅದೆಲ್ಲ ಸಕ್ಕರೆಯೇ. ‘ಸಕ್ಕರೆ ಹಾಕಿಲ್ಲ, ಬೆಲ್ಲ ಮಾತ್ರ’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ನೀವು ಬರೆದ ಅಳತೆಯನ್ನೇ ಕೂಡಿಸಿ ನೋಡಿದೆ. ಬೆಂದ ಮೇಲೆ ಸುಮಾರು 730 ಗ್ರಾಂ ಗ್ರಾನೋಲಾ ಆಗುತ್ತದೆ. ಅದರಲ್ಲಿ ಜೇನಿನ ಸಕ್ಕರೆ 140 ಗ್ರಾಂ, ದ್ರಾಕ್ಷಿಯದ್ದು 50ರ ಹತ್ತಿರ. ನಾಲ್ಕರಲ್ಲಿ ಒಂದು ಪಾಲು ಸಕ್ಕರೆ! ಅಂಗಡಿಯ ಎಷ್ಟೋ ಪೊಟ್ಟಣಗಳ ಹಿಂದೆಯೂ ಇದರ ಆಸುಪಾಸಿನ ಅಂಕಿಯೇ ಇರುತ್ತದೆ, ಅದನ್ನು ಬಿಡಲೆಂದೇ ನೀವು ಶುರು ಮಾಡಿದ್ದು. ಒಂದು ಬಟ್ಟಲು ತುಂಬಾ ಹಾಕಿದರೆ 100 ಗ್ರಾಂ ಹಿಡಿಯುತ್ತದೆ. ಅದರಲ್ಲಿ 500 ಕ್ಯಾಲೊರಿ, ಜೇನಿನ ಸಕ್ಕರೆಯೊಂದೇ 19 ಗ್ರಾಂ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಅದು ಆರೋಗ್ಯವಂತರಿಗೆ.

ಹಾಗಾಗಿ ಅತ್ತೆಯವರಿಗೆ ದಿನಾ ಬಟ್ಟಲು ತುಂಬಾ ಬೇಡ. ಸಿಹಿ ಕಡಿಮೆ ಮಾಡಿದ್ದನ್ನು, ದ್ರಾಕ್ಷಿ ಇಲ್ಲದೆ, 30ರಿಂದ 40 ಗ್ರಾಂ, ಅಂದರೆ ಒಂದು ಹಿಡಿ, ಸಿಹಿಯಿಲ್ಲದ ಗಟ್ಟಿ ಮೊಸರಿನ ಮೇಲೆ ಕೊಡಬಹುದು. ಓಟ್ಸ್‌ನ ಲೋಳೆಯಂಥ ನಾರು, ಬೀಜದ ಕೊಬ್ಬು, ಮೊಸರಿನ ಪ್ರೋಟೀನ್ ಸೇರಿ ಸಕ್ಕರೆ ಏರುವುದನ್ನು ನಿಧಾನ ಮಾಡುತ್ತವೆ. ಆದರೆ ಅದು ತಿಂಡಿಯ ಬದಲಿಗೆ ಆಗಬೇಕು. ಇಡ್ಲಿ ತಿಂದ ಮೇಲೆ ‘ಹೆಲ್ದಿ’ ಅಂತ ಇದನ್ನೂ ತಿಂದರೆ ಪ್ರಯೋಜನವಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ತಿಂದ ಎರಡು ಗಂಟೆಗೆ ಒಮ್ಮೆ ನೋಡಿ. ಅದರ ಅಂಕಿ ನನ್ನ ಮಾತಿಗಿಂತ ಗಟ್ಟಿ. ಅವರಿಗೆ ಕಿಡ್ನಿ ತೊಂದರೆಯೂ ಇದ್ದರೆ ಬೀಜಗಳ ಬಗ್ಗೆ ಡಾಕ್ಟರನ್ನು ಕೇಳದೆ ಕೊಡಬೇಡಿ, ಅವುಗಳಲ್ಲಿ ಪೊಟ್ಯಾಸಿಯಂ, ರಂಜಕ ಜಾಸ್ತಿ.

ನೆನೆಸುವ ವಿಷಯ ಚಿಕ್ಕದು. ನೆನೆಸಿದರೆ ಬಾದಾಮಿ ಅಗಿಯಲು ಸುಲಭ, ಸಿಪ್ಪೆ ಬಿಡುತ್ತದೆ. ಅದಕ್ಕಿಂತ ದೊಡ್ಡ ಪವಾಡ ಏನಿಲ್ಲ. ಗ್ರಾನೋಲಾಕ್ಕೆ ನೆನೆಸಿದ ಬೀಜ ಹಾಕಿದರೆ ನೀರು ಕಳೆಯುವ ಕೆಲಸ ದುಪ್ಪಟ್ಟು. ಒಳಗೆ ಹಸಿ ಉಳಿದರೆ ಬೂಷ್ಟೇ ಬರುತ್ತದೆ. ಒಣಬೀಜವನ್ನೇ ಹಾಕಿ.

ಈಗ ಅಳತೆ ಹೇಳುತ್ತೇನೆ. ರೋಲ್ಡ್ ಓಟ್ಸ್ 3 ಕಪ್, ಒಡೆದ ಬಾದಾಮಿ, ಗೇರುಬೀಜ, ಕುಂಬಳಬೀಜ ಸೇರಿ ಒಂದೂವರೆ ಕಪ್, ಅಚ್ಚುಬೆಲ್ಲ 60 ಗ್ರಾಂ, ತೆಂಗಿನೆಣ್ಣೆ 3 ದೊಡ್ಡ ಚಮಚ, ಕಾಲು ಚಮಚ ಉಪ್ಪು, ಏಲಕ್ಕಿ. ಉಪ್ಪು ಬಿಡಬೇಡಿ, ಕಡಿಮೆ ಬೆಲ್ಲವನ್ನು ಜಾಸ್ತಿ ಅನ್ನಿಸುವಂತೆ ಮಾಡುವುದು ಅದೇ. ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ ಸೋಸಿ. ಸೋಸದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ. ಎಣ್ಣೆ ಸೇರಿಸಿ ಒಂದು ಕುದಿ ಬರಿಸಿ ಓಟ್ಸ್, ಬೀಜದ ಮೇಲೆ ಸುರಿದು ಚೆನ್ನಾಗಿ ಕಲಸಿ. 150 ಡಿಗ್ರಿ. 15 ನಿಮಿಷಕ್ಕೊಮ್ಮೆ ಮೊಗಚಿ, ಅಂಚಿನದ್ದನ್ನು ನಡುವಿಗೆ ತನ್ನಿ. ಈ ಅಳತೆಯಲ್ಲಿ 40 ಗ್ರಾಂ ಗ್ರಾನೋಲಾಕ್ಕೆ ಬೆಲ್ಲದ ಸಕ್ಕರೆ ಒಂದು ಟೀ ಚಮಚಕ್ಕಿಂತ ಕಡಿಮೆ ಬೀಳುತ್ತದೆ.

ಸಿಹಿ ಇಳಿಸಿದಾಗ ಕಳೆದುಕೊಳ್ಳುವುದು ಗಟ್ಟಿಗಟ್ಟಿ ಉಂಡೆಗಳನ್ನು. ಪುಡಿಪುಡಿಯಾಗಿ ಉದುರುತ್ತದೆ. ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆಯ ಬಿಳಿಭಾಗವನ್ನು ನೊರೆ ಬರುವಷ್ಟು ಕಲಕಿ, ಓಟ್ಸ್ ಕಲಸಿದ್ದು ಸ್ವಲ್ಪ ಆರಿದ ಮೇಲೆ ಸೇರಿಸಿ. ಕೊನೆಯ ಸಲ ಮೊಗಚಿದ ಮೇಲೆ ಸೌಟಿನ ಬೆನ್ನಿನಿಂದ ಒತ್ತಿ, ಆರುವ ತನಕ ಮುಟ್ಟಬೇಡಿ. ಉಂಡೆ ತಾನೇ ಕಟ್ಟುತ್ತದೆ.

ಓವನ್ನೇ ಬೇಡ ಅನ್ನುವವರಿಗೆ ಬಾಣಲೆಯ ದಾರಿ ಇದೆ. ನನ್ನ ಮಟ್ಟಿಗೆ ಮಳೆಗಾಲಕ್ಕೆ ಅದೇ ವಾಸಿ. ಗೋಕಾಕ, ಅಮೀನಗಡದ ಕರದಂಟು ಮಾಡುವವರು ಬೀಜ, ತಿನ್ನುವ ಅಂಟನ್ನು ಮೊದಲೇ ತುಪ್ಪದಲ್ಲಿ ಹದ ಮಾಡಿಕೊಂಡು ಕೊನೆಗೆ ಪಾಕಕ್ಕೆ ಸೇರಿಸುತ್ತಾರೆ. ನೀರು ಹೋಗುವುದು ಪಾಕದಲ್ಲೇ, ತಿಂಡಿಯಲ್ಲಲ್ಲ. ನೀವೂ ಹಾಗೇ ಮಾಡಿ. ದಪ್ಪ ತಳದ ಬಾಣಲೆಯಲ್ಲಿ ಓಟ್ಸನ್ನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ಹಸಿ ವಾಸನೆ ಹೋಗುವ ತನಕ ಹುರಿಯಿರಿ. ಒಂದು ಸಲಕ್ಕೆ ಒಂದೇ ಕಪ್. ಬೀಜಗಳನ್ನು ಬೇರೆಬೇರೆ ಹುರಿಯಿರಿ, ಗೇರುಬೀಜ ಬಾದಾಮಿಗಿಂತ ಬೇಗ ಸೀಯುತ್ತದೆ. ಬೆಲ್ಲದ ಪಾಕವನ್ನು ಚಿಕ್ಕಿಯ ಹದಕ್ಕೆ ತನ್ನಿ: ಒಂದು ಹನಿ ತಣ್ಣೀರಿಗೆ ಹಾಕಿ, ತೆಗೆದು ಬಟ್ಟಲಿಗೆ ಬಡಿದರೆ ಟಣ್ ಅನ್ನಬೇಕು, ಬಾಯಲ್ಲಿ ಅಂಟದೆ ಮುರಿಯಬೇಕು. ತಕ್ಷಣ ಎಲ್ಲ ಹಾಕಿ ಕಲಸಿ ಎಣ್ಣೆ ಸವರಿದ ತಟ್ಟೆಗೆ ಹರಡಿ. ಈ ಹದಕ್ಕೆ ಬಂದ ಪಾಕ 150 ಡಿಗ್ರಿಯ ಹತ್ತಿರ ಇರುತ್ತದೆ, ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುತ್ತದೆ. ಮಗು ಅಂಬೆಗಾಲಿಡುವ ಮನೆ ನಿಮ್ಮದು, ಮಗು ಮಲಗಿದ್ದಾಗ ಮಾಡಿ. ಪಾಕ ಕಡಿಮೆ ಇರುವುದರಿಂದ ಎಲ್ಲ ಕಡೆ ಸಮನಾಗಿ ಹಿಡಿಯುವುದೂ ಇಲ್ಲ. ಮೊದಲ ಸಲ ಹದ ತಪ್ಪಿದರೂ ತಪ್ಪೀತು.

ಈಗ ಮನೆಯಲ್ಲಿರುವ ಡಬ್ಬಿಗಳು. ಮೆತ್ತಗಾಗಿರುವುದನ್ನು ಮೂಸಿ ನೋಡಿ, ವಾಸನೆ ಸರಿಯಿದ್ದರೆ ದ್ರಾಕ್ಷಿ ಆರಿಸಿ ತೆಗೆದು 120 ಡಿಗ್ರಿಗೆ ಹತ್ತು ನಿಮಿಷ ಇಡಿ. ನಾರುತ್ತಿರುವುದನ್ನು ದಾಲ್ಚಿನ್ನಿ ಹಾಕಿ ಮುಚ್ಚಿಡುವ ಆಸೆ ಬೇಡ, ಚೆಲ್ಲಿ. ಆ ಡಬ್ಬಿಗೆ ಹೊಸ ಗ್ರಾನೋಲಾವನ್ನು ಹಾಗೇ ತುಂಬಬೇಡಿ. ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಕೆಟ್ಟ ಎಣ್ಣೆಯ ಪೊರೆ ಇರುತ್ತದೆ, ಹೊಸತನ್ನೂ ಬೇಗ ಕೆಡಿಸುತ್ತದೆ. ಬಿಸಿನೀರು, ಸೋಪು ಹಾಕಿ ಎರಡು ಸಲ ತೊಳೆದು, ಮುಚ್ಚಳದ ರಬ್ಬರ್ ಸುತ್ತನ್ನೂ ಬಿಚ್ಚಿ ಉಜ್ಜಿ, ಬಿಸಿಲು ಬಂದ ದಿನ ಬೋರಲು ಹಾಕಿ ಒಣಗಿಸಿ. ರಬ್ಬರ್‌ನಲ್ಲಿ ಇನ್ನೂ ವಾಸನೆ ಉಳಿದಿದ್ದರೆ ಅದನ್ನು ಬದಲಾಯಿಸಿಬಿಡಿ.